ಹಾಯಿಕಂಬದ ಬುಡದ ಹಲಗೆ

ಹಳೆಯ ದೋಣಿಯನ್ನು ಪರೀಕ್ಷಿಸುವುದೆಂದರೆ ಅದಕ್ಕೆ ಹೊಡೆಯಬೇಕು, ಚುಚ್ಚಬೇಕು, ಬಣ್ಣ ಕೆರೆಯಬೇಕು, ಒಂದೆರಡು ಮೊಳೆಗಳನ್ನಾದರೂ ಕಿತ್ತು ನೋಡಬೇಕು. ಇದನ್ನೆಲ್ಲ ಮಾರುವವನ ಕಣ್ಣೆದುರೇ ಮಾಡಬೇಕು. ಕಲ್ಲಿಕೋಟೆಯ ಹತ್ತಿರದ ಅಳಿವೆಯೊಂದರ ದಂಡೆಯಲ್ಲಿ ನಾನು ದಬ್ಬಳವನ್ನು ದೋಣಿಯ ಹಿಂಬದಿಯ ಮರಕ್ಕೆ ಮೊದಲ ಸಲ ಊರಿದಾಗ ದಲ್ಲಾಳಿ ಓಡಿ ಬಂದು ನನ್ನ ಮಣಿಕಟ್ಟು ಹಿಡಿದು ತಿರುಚಿದ. ದಬ್ಬಳ ಕೆಸರಿಗೆ ಬಿತ್ತು.

"ಹೆಣ್ಣು ನೋಡೋಕೆ ಹೋದಲ್ಲೂ ಹೀಗೇ ಚುಚ್ಚಿ ನೋಡ್ತೀಯಾ?" ಎಂದು ಮಲಯಾಳದಲ್ಲಿ ಕಿರುಚಿದ.

"ನನಗಿನ್ನೂ ಮದುವೆ ಆಗಿಲ್ಲ."

"ಆಗೋದೂ ಇಲ್ಲ!"

ದಂಡೆಯ ಮೇಲಿದ್ದವರೆಲ್ಲ ನಕ್ಕರು. ಅವನೂ ನಕ್ಕ, ಆದರೆ ಕೈ ಬಿಡಲಿಲ್ಲ. ನನ್ನ ಜೊತೆ ಬಂದಿದ್ದ ದೋಣಿಗಾರ ಬಗ್ಗಿ ಕೆಸರಿನಿಂದ ದಬ್ಬಳ ಎತ್ತಿ, ಪಂಚೆಗೆ ಒರೆಸಿ, ಅದರ ಮೊನೆಯನ್ನು ದಲ್ಲಾಳಿಯ ಹೊಟ್ಟೆಯ ಕಡೆಗೆ ತಿರುಗಿಸಿ ಸುಮ್ಮನೆ ನಿಂತ. ದಲ್ಲಾಳಿ ಕೈ ಬಿಟ್ಟ. ನಮ್ಮ ಪರೀಕ್ಷೆ ಶುರುವಾದದ್ದು ಹೀಗೆ.

ವಯನಾಡು ಆಗಷ್ಟೇ ಜಿಲ್ಲೆಯಾಗಿತ್ತು. ಕಲ್ಪೆಟ್ಟದ ಬಾಡಿಗೆ ಕಟ್ಟಡಗಳಲ್ಲಿ ಒಂದೊಂದಾಗಿ ಕಚೇರಿಗಳು ತೆರೆಯುತ್ತಿದ್ದವು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಂದ ನಾನು ಅಂಥದೊಂದು ಕಚೇರಿಯಲ್ಲಿ ತಾತ್ಕಾಲಿಕ ತಾಂತ್ರಿಕ ಸಹಾಯಕ. ಕಬಿನಿ ದಂಡೆಯ ಕೊಳವಳ್ಳಿಯಿಂದ ಒಂದು ಅರ್ಜಿ ಬಂತು. ಅಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡದ ಒಕ್ಕಲು ಮನೆಗಳಿಗೆ ಅರ್ಧ ನೆಂಟರು ಹೊಳೆಯಾಚೆ, ಕರ್ನಾಟಕದಲ್ಲಿ. ದಾಟಲು ಇದ್ದದ್ದು ಇಡೀ ಮರವನ್ನೇ ಕೊರೆದು ಮಾಡಿದ ಒಂದು ದೋಣಿ. ಅದು ಸೀಳಿತ್ತು. ಇನ್ನೊಂದನ್ನು ಕೊರೆಯೋಣವೆಂದರೆ ಅಷ್ಟು ದಪ್ಪದ ಮರ ಕಡಿಯಲು ಅರಣ್ಯದವರು ಬಿಡುವುದಿಲ್ಲ. ಆದ್ದರಿಂದ ಕಡಲತೀರದಿಂದ ಹಲಗೆ ಜೋಡಿಸಿದ ಹಳೆಯ ದೋಣಿಯೊಂದನ್ನು ತರುವುದೆಂದು ಹೊಳೆ ದಾಟಿಸುವ ಕಡವಿನ ಸಮಿತಿ ತೀರ್ಮಾನಿಸಿತ್ತು. ದೋಣಿ ಗಟ್ಟಿಯಾಗಿದೆ ಎಂದು ತಾಂತ್ರಿಕ ಸಹಾಯಕ ಬರೆದುಕೊಟ್ಟರೆ ಕಚೇರಿಯ ಸಹಾಯ ಸಿಗುತ್ತಿತ್ತು. ದೋಣಿ ಯಾಕೆ ತೇಲುತ್ತದೆ ಎಂಬುದನ್ನು ನಾನು ಎರಡು ಪುಟ ಬರೆಯಬಲ್ಲವನಾಗಿದ್ದೆ. ಯಾವಾಗ ಮುಳುಗುತ್ತದೆ ಎಂಬುದು ಗೊತ್ತಿರಲಿಲ್ಲ.

ಕಲ್ಲಿಕೋಟೆಯ ಒಂದು ಗ್ರಂಥಾಲಯದಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ರಜೆಯಲ್ಲಿ ಕಡಲು ಸುತ್ತಲು ಹಳೆಯ ಹಾಯಿದೋಣಿ ಕೊಳ್ಳುವ ವಿದೇಶದ ಸಿರಿವಂತರಿಗಾಗಿ ಬರೆದದ್ದು. ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ ಮೂವತ್ತೊಂದು ಪ್ರಶ್ನೆಗಳು ಅದರಲ್ಲಿದ್ದವು. ಮಲಗುವ ಕೋಣೆಗೆ ಗಾಳಿ ಬರುತ್ತದೆಯೇ, ಒಲೆ ಅಲುಗಾಡದಂತೆ ಕೂತಿದೆಯೇ ಎಂಬಂಥವನ್ನು ಬಿಟ್ಟು ಇಪ್ಪತ್ತೆರಡನ್ನು ಕನ್ನಡಕ್ಕೆ ಇಳಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ದೋಣಿಗಾರನಿಗೆ ಬಸ್ಸಿನಲ್ಲಿ ಓದಿ ಹೇಳಿದೆ. ಅವನು ಹೊಳೆದಂಡೆಯ ಹಾಡಿಯವನು, ಐವತ್ತರ ಆಸುಪಾಸು, ಕಾಡಿನ ಜನ. ಕಬಿನಿಯ ಒಂದೊಂದು ಬಂಡೆಯೂ ಅವನಿಗೆ ಗೊತ್ತು. ಕಡಲನ್ನು ನೋಡುತ್ತಿದ್ದದ್ದು ಅದೇ ಮೊದಲು.

"ಇಷ್ಟೆಲ್ಲ ಕೇಳುದ್ರೆ ದೋಣಿ ಬಾಯಿ ಬುಡ್ತದಾ ಸಾರೇ?" ಎಂದ.

"ಅದು ಬಾಯಿ ಬಿಡಬಾರದು ಅಂತಲೇ ಕೇಳೋದು."

ನಾವು ನೋಡಿದ್ದು ಇಪ್ಪತ್ತಾರು ಅಡಿ ಉದ್ದದ ಹೆಬ್ಬಲಸಿನ ದೋಣಿ. ಒಂದು ಕಾಲಕ್ಕೆ ಹಾಯಿ ಕಟ್ಟಿಕೊಂಡು ಕರಾವಳಿಯುದ್ದಕ್ಕೂ ಉಪ್ಪು, ಒಣಮೀನು ಸಾಗಿಸಿದ್ದಂತೆ. ಹಾಯಿಕಂಬ ಈಗ ಇರಲಿಲ್ಲ. ಕಂಬ ತೂರುತ್ತಿದ್ದ ಅಡ್ಡಹಲಗೆಯ ತೂತು ಮಾತ್ರ ಉಳಿದಿತ್ತು. ಮೊದಲು ಮೂತಿಯಿಂದ ಬಾಲದವರೆಗೆ ಒಂದು ದಾರ ಬಿಗಿದು ಕಟ್ಟಿ, ತಳದ ಬೆನ್ನುಮರ ಬಾಗಿದೆಯೇ ಎಂದು ಅಳೆದೆವು. ಬೆರಳಿನಗಲ ಬಾಗಿತ್ತು, ಆ ವಯಸ್ಸಿಗೆ ಅದು ಹೆಚ್ಚಲ್ಲ. ಆಮೇಲೆ ಕೊಡತಿಯಿಂದ ಹಲಗೆಗಳನ್ನು ಗೇಣಿಗೊಂದರಂತೆ ಹೊಡೆಯುತ್ತ ಹೋದೆ. ಗಟ್ಟಿಮರ ಹೊಡೆತವನ್ನು ಕೈಗೆ ವಾಪಸು ಕೊಡುತ್ತದೆ. ಕೊಳೆತ ಮರ ನುಂಗಿಕೊಳ್ಳುತ್ತದೆ. ಬಲಪಕ್ಕದಲ್ಲಿ ಒಂದು ಕಡೆ ಮಾತ್ರ ಹೊಸ ಬಣ್ಣವಿತ್ತು. ಅಲ್ಲಿ ಕೆರೆದೆ. ದಲ್ಲಾಳಿ ಮತ್ತೆ ಕೂಗಾಡಿದ. ಕೆಳಗೆ ಸಿಕ್ಕಿದ್ದು ಹಳೆಯ ತೇಪೆ, ಗಟ್ಟಿಯಾಗಿಯೇ ಇತ್ತು. ಒಂದು ತಾಮ್ರದ ಮೊಳೆ ಕೀಳಿಸಿ ಅದರ ಕುತ್ತಿಗೆ ಸವೆದಿದೆಯೇ ನೋಡಿದೆ. ದೋಣಿಯೊಳಗೆ ಅರ್ಧ ನೀರು ತುಂಬಿಸಿ ಹೊರಗೆ ಎಲ್ಲೆಲ್ಲಿ ಜಿನುಗುತ್ತದೆ ಎಂದು ಸೀಮೆಸುಣ್ಣದಿಂದ ಗುರುತು ಹಾಕಿದೆ.

ಪುಸ್ತಕ ಒಂದು ವಿಚಿತ್ರ ಸಂಗತಿ ಹೇಳಿತ್ತು. ಉಪ್ಪುನೀರು ಮರವನ್ನು ಉಪ್ಪಿನಕಾಯಿಯ ಹಾಗೆ ಕಾಪಾಡುತ್ತದೆ, ಕೊಳೆಸುವುದು ಮಳೆಯ ಸಿಹಿನೀರು. ಆದ್ದರಿಂದ ಹಳೆಯ ಹಾಯಿದೋಣಿಯಲ್ಲಿ ಮಳೆನೀರು ಇಳಿದು ನಿಲ್ಲುವ ಮೂಲೆಗಳನ್ನು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹಾಯಿಕಂಬದ ಬುಡ. ಮಳೆ ಕಂಬದ ಗುಂಟ ಇಳಿದು ಬುಡದ ಗುಳಿಯಲ್ಲಿ ನಿಲ್ಲುತ್ತದೆ. ಅಲ್ಲಿ ಹಲಗೆಗಳನ್ನು ಒಳಗಿನಿಂದ ಹಿಡಿದಿಡುವ ಪಕ್ಕೆಮರ ಕೊಳೆತರೆ ದೋಣಿಯ ನಡು ಹೋದ ಹಾಗೆ. ಅದನ್ನು ನೋಡಬೇಕಾದರೆ ಒಳಗಿನ ಕಾಲುಹಲಗೆಯನ್ನು ಎತ್ತಿ ಕೆಳಗೆ ಕೈ ಹಾಕಬೇಕು. ನನ್ನ ಪಟ್ಟಿಯಲ್ಲಿ ಅದು ಹದಿನೇಳನೆಯ ಪ್ರಶ್ನೆ.

ನೋಟ್‌ಬುಕ್ಕು ಈಗಲೂ ನನ್ನ ಹತ್ತಿರ ಇದೆ. ಒಂದರಿಂದ ಹದಿನಾರರವರೆಗೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಹದಿನೇಳರ ಮುಂದೆ "ಸರಿ" ಎಂದು ಇಂಕಿನಲ್ಲಿದೆ. ಹದಿನೆಂಟರಿಂದ ಮತ್ತೆ ಪೆನ್ಸಿಲು. ಅಂದರೆ ದಂಡೆಯ ಮೇಲೆ ಆ ಸಾಲನ್ನು ಖಾಲಿ ಬಿಟ್ಟು, ಆಮೇಲೆ ಚಹಾದಂಗಡಿಯಲ್ಲೋ ಬಸ್ಸಿನಲ್ಲೋ ತುಂಬಿದ್ದೇನೆ. ಹಲಗೆ ಎತ್ತಿದ್ದೆನೋ ಇಲ್ಲವೋ ನೆನಪಿಲ್ಲ. ದಲ್ಲಾಳಿಯ ಕೂಗು, ಮೀನಿನ ವಾಸನೆ, ನೋಯುತ್ತಿದ್ದ ಮಣಿಕಟ್ಟು ನೆನಪಿವೆ. ಹಲಗೆ ಮಾತ್ರ ಇಲ್ಲ.

ಲಾರಿ ಘಾಟಿ ಹತ್ತುವಾಗ ಮೊದಲ ರಕ್ತ ಬಿತ್ತು. ದೋಣಿಯ ಮೂತಿ ಲಾರಿಯ ಹಿಂದಕ್ಕೆ ಚಾಚಿಕೊಂಡಿತ್ತು. ಆರನೆಯ ತಿರುವಿನಲ್ಲಿ ಲಾರಿ ಹಿಂದೆ ಮುಂದೆ ಮಾಡುವಾಗ ಮೂತಿ ಬಂಡೆಗೆ ತಗಲಿತು, ಬಿಗಿದ ಹಗ್ಗ ಹರಿದು ಚಾವಟಿಯಂತೆ ಬೀಸಿತು. ಮೇಲೆ ಕೂತಿದ್ದ ಒಬ್ಬ ಹಮಾಲಿಯ ಕಿವಿಯ ಅರ್ಧಭಾಗ ಹೋಯಿತು. ಅವನು ಕಿವಿ ಹಿಡಿದುಕೊಂಡು, ಬೆರಳ ಸಂದಿನಿಂದ ರಕ್ತ ಸೋರುತ್ತಿದ್ದರೂ, ಡ್ರೈವರನ ಅವ್ವನನ್ನು ಅಜ್ಜಿಯನ್ನು ಬಯ್ಯುತ್ತಲೇ ಇದ್ದ. ಡ್ರೈವರ್ ಇಳಿದು ಬಂದು, ಗಾಯಗೊಂಡವನ ಕೆನ್ನೆಗೇ ಹೊಡೆದ. ದೋಣಿಗಾರ ಇಬ್ಬರನ್ನೂ ಬಿಡಿಸಿ, ಹಮಾಲಿಯ ತಲೆಗೆ ತನ್ನ ತಲೆವಸ್ತ್ರ ಸುತ್ತಿದ. ಆಮೇಲೆ ದೋಣಿಯ ಮೈ ಸವರಿ, ಏಟಾದ ಜಾಗವನ್ನು ನನಗೆ ತೋರಿಸಿದ. ಮೂತಿಯಲ್ಲಿ ಸಣ್ಣ ಜಜ್ಜು. ಅದನ್ನು ಬರೆದುಕೊಂಡೆ.

ಕೊಳವಳ್ಳಿಯಲ್ಲಿ ದೋಣಿ ಇಳಿದಾಗ ಬೇಸಿಗೆ ಹತ್ತಿರವಾಗಿತ್ತು, ಹೊಳೆಯಲ್ಲಿ ಜನ ನಡೆದೇ ದಾಟುತ್ತಿದ್ದರು. ಮಳೆಗಾಲದವರೆಗೆ ದೋಣಿಗೆ ಕೆಲಸವಿರಲಿಲ್ಲ. ಮರ ಕೊರೆದು ಮಾಡಿದ ದೋಣಿಗಳನ್ನು ಆ ದಂಡೆಯ ಜನ ಬೇಸಿಗೆಯಲ್ಲಿ ಹೊರಗೆ ಇಡುವುದಿಲ್ಲ, ಬಿಸಿಲಿಗೆ ಸೀಳುತ್ತವೆ. ಕಲ್ಲು ತುಂಬಿ ಮಡುವಿನಲ್ಲಿ ಮುಳುಗಿಸಿಡುತ್ತಾರೆ. ಮಳೆ ಬರುವ ಹೊತ್ತಿಗೆ ಕಲ್ಲು ತೆಗೆದು ಮೇಲೆತ್ತಿದರೆ ಮರ ಹಸಿಯಾಗಿ ಗಟ್ಟಿಯಾಗಿರುತ್ತದೆ. ಕಡಲ ದೋಣಿಯನ್ನೂ ಹಾಗೆಯೇ ಇಡೋಣವೆಂದು ದೋಣಿಗಾರ ಹೇಳಿದ. ಸಮಿತಿಯ ಹಿರಿಯರನ್ನು ಎಲ್ಲರೂ ದೊಡ್ಡಗೌಡರೆನ್ನುತ್ತಿದ್ದರು. ಅವರು ನನ್ನ ಮುಖ ನೋಡಿದರು.

"ನೀವು ಓದ್ದೋರು. ಏನಂತೀರಿ?"

ನಾನು ಪುಸ್ತಕಗಳನ್ನು ಅನುಮಾನಿಸುವುದನ್ನು ಕಲಿತಿದ್ದೆ. ವಿಶ್ವವಿದ್ಯಾಲಯ ಕಲಿಸಿದ ಒಂದೇ ಒಳ್ಳೆಯ ವಿದ್ಯೆ ಅದು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಹೊಳೆಯ ಜನರ ಕೈಗೆಲಸವನ್ನು ಅನುಮಾನಿಸಬೇಕೆಂದು ನನಗೆ ತೋಚಲಿಲ್ಲ. "ಇದು ನಿಮಗೆ ಗೊತ್ತಿರುವ ಕೆಲಸ, ನನ್ನನ್ನೇನು ಕೇಳ್ತೀರಿ" ಎಂದೆ. ಹಾಗೆ ಹೇಳಿದ್ದಕ್ಕೆ ಒಳಗೊಳಗೇ ಹೆಮ್ಮೆಪಟ್ಟೆ. ಅವರು ದೊಡ್ಡ ಗುಂಡುಕಲ್ಲುಗಳನ್ನು ತುಂಬಿದರು. ನಡುಭಾಗಕ್ಕೆ ಹೆಚ್ಚು. ದೋಣಿ ಗುಳುಗುಳು ಎಂದು ಸದ್ದು ಮಾಡುತ್ತ ಮಡುವಿಗೆ ಇಳಿಯಿತು.

ಮಳೆಗೆ ಮುಂಚೆ ಎತ್ತಿದಾಗ ಹಲಗೆಗಳು ಉಬ್ಬಿ ಒಂದಕ್ಕೊಂದು ಬಿಗಿದುಕೊಂಡಿದ್ದವು. ಒಂದು ಹನಿಯೂ ಸೋರಲಿಲ್ಲ. ಎಲ್ಲರೂ ಖುಷಿಪಟ್ಟರು. ನಾನು ಹೊರಗಿನಿಂದ ಕೊಡತಿ ಹೊಡೆದು ನೋಡಿ "ಬಳಸಬಹುದು" ಎಂದು ಬರೆದುಕೊಟ್ಟೆ. ಆ ದಿನ ಕಾಲುಹಲಗೆ ಎತ್ತಲಿಲ್ಲ. ಅದು ಖಚಿತವಾಗಿ ನೆನಪಿದೆ, ಯಾಕೆಂದರೆ ಉಬ್ಬಿದ ಮರಕ್ಕೆ ಸಿಕ್ಕಿ ಅದು ಏಳುತ್ತಿರಲಿಲ್ಲ. ಹೇಗೂ ಕಡಲತೀರದಲ್ಲಿ ನೋಡಿದ್ದೇನೆ ಎಂದು ನೋಟ್‌ಬುಕ್ಕಿನ "ಸರಿ"ಯನ್ನು ನಂಬಿಕೊಂಡು ಬಿಟ್ಟುಬಿಟ್ಟೆ.

ಆಷಾಢದ ಒಂದು ಬೆಳಿಗ್ಗೆ ಕಚೇರಿಯ ತಿಂಗಳ ತಪಾಸಣೆಗೆಂದು ಕಡವಿಗೆ ಹೋಗಿದ್ದೆ. ಹೊಳೆ ಕೆಂಪಗೆ, ದಂಡೆಯನ್ನು ಕಚ್ಚಿಕೊಂಡು ಹರಿಯುತ್ತಿತ್ತು. ಬೇರುಸಮೇತ ಕಿತ್ತ ಬಿದಿರುಮೆಳೆಗಳು ತಿರುಗುತ್ತ ಹೋಗುತ್ತಿದ್ದವು. ಆಚೆಯಿಂದ ದೋಣಿ ಬರುತ್ತಿತ್ತು. ದೋಣಿಗಾರ ಹಿಂದೆ ಹುಟ್ಟು ಹಿಡಿದು ನಿಂತಿದ್ದ. ನಡುವೆ ಏಳು ಜನ, ಆರು ಭತ್ತದ ಮೂಟೆ. ಮೂಟೆಗಳ ಪಕ್ಕದಲ್ಲಿ ದೊಡ್ಡಗೌಡರ ತಮ್ಮ ಚಿಕ್ಕಗೌಡ. ಮೂವತ್ತರ ಗಟ್ಟಿಮುಟ್ಟಾದ ಆಳು, ಕಬಡ್ಡಿಗೆ ಹೆಸರಾದವನು.

ಏನಾಯಿತೆಂಬುದನ್ನು ನಾನು ಕಂಡ ಹಾಗೆ ಬರೆಯುತ್ತೇನೆ. ದಂಡೆಯ ಮೇಲಿದ್ದ ಹದಿನೈದು ಜನ ಹದಿನೈದು ಥರ ಕಂಡಿದ್ದಾರೆ. ದೋಣಿ ನಡುಹೊಳೆಯ ಸುಳಿ ದಾಟಿತ್ತು. ಒಂದು ಸದ್ದು ಬಂತು, ದೊಡ್ಡ ಪ್ರಾಣಿಯ ಎಲುಬು ಮುರಿದ ಹಾಗೆ. ದೋಣಿಯ ನಡು ಮೇಲಕ್ಕೆ ಏಳುವಂತಾಗಿ, ತಕ್ಷಣ ಕುಸಿಯಿತು. ಎರಡು ಹಲಗೆಗಳು ಬಾಯಿ ತೆರೆದವು. ಚಿಕ್ಕಗೌಡನ ಎಡಗಾಲು ಮೊಣಕಾಲಿನವರೆಗೆ ಆ ಬಾಯಿಯೊಳಗೆ ಇಳಿಯಿತು. ಪ್ರವಾಹ ದೋಣಿಯನ್ನು ಅಡ್ಡಕ್ಕೆ ತಿರುಚಿತು, ಬಾಯಿ ಮುಚ್ಚಿಕೊಂಡಿತು. ಅವನ ಕಿರುಚಾಟ ಹೊಳೆಯ ಸದ್ದನ್ನು ಮೀರಿ ನಮಗೆ ಕೇಳಿತು.

ಉಳಿದವರು ಮೂಟೆಗಳನ್ನು ತಬ್ಬಿಕೊಂಡು ನೀರಿಗೆ ಬಿದ್ದರು. ದೋಣಿಗಾರ ಹುಟ್ಟು ಎಸೆದು, ಸೊಂಟದ ಮಚ್ಚು ಕಿತ್ತು, ಮುಳುಗುತ್ತಿದ್ದ ದೋಣಿಯೊಳಗೆ ಮಂಡಿಯೂರಿ ಬೀಸತೊಡಗಿದ. ಹಲಗೆ ಕಡಿದು ಕಾಲು ಬಿಡಿಸಲು ಕಡಿಯುತ್ತಿದ್ದ. ನೀರು ಸೊಂಟಕ್ಕೆ ಬಂದಿತ್ತು, ಕಡಿಯುವ ಜಾಗ ಅವನಿಗೆ ಕಾಣುತ್ತಿರಲಿಲ್ಲ. ಕೆಲವು ಏಟು ಹಲಗೆಗೆ ಬಿದ್ದವು, ಕೆಲವು ಕಾಲಿಗೆ. ದಂಡೆಯಿಂದ ಕಾಣುತ್ತಿದ್ದದ್ದು ಏರಿ ಇಳಿಯುವ ಮಚ್ಚು ಮಾತ್ರ. ಪ್ರತಿ ಏಟಿಗೂ ಚಿಕ್ಕಗೌಡ ಕೂಗುತ್ತಿದ್ದ. ಕೆಳಗಿನ ಬಂಡೆಸಾಲಿಗೆ ದೋಣಿ ಬಡಿಯುವ ಮುಂಚೆ ಕಾಲು ಬಿಡಿಸಿಕೊಂಡಿತು. ದೋಣಿಗಾರ ಅವನ ತಲೆಗೂದಲು ಹಿಡಿದು ಎಳೆದುಕೊಂಡು ಈಜಿದ. ಉಳಿದ ಆರೂ ಜನರನ್ನು ಪ್ರವಾಹವೇ ಬಂಡೆಸಾಲಿನ ಮೇಲೆ ತಂದು ಎಸೆಯಿತು. ಯಾರೂ ಸಾಯಲಿಲ್ಲ.

ಚಿಕ್ಕಗೌಡನನ್ನು ಜೀಪಿಗೆ ಹಾಕಿದರು. ಮೊಣಕಾಲಿನ ಕೆಳಗೆ ಕಾಲೆಂಬುದು ಚರ್ಮದಲ್ಲಿ ನೇತಾಡುತ್ತಿತ್ತು. ದೊಡ್ಡಗೌಡರು ಜೊತೆಗೆ ಹೋಗಲು ಹತ್ತಿದವರು ಇಳಿದು ಬಂದರು. ಜೀಪು ಹೋಯಿತು. ಮರುಕ್ಷಣ ಅವರ ಮಗ ದೋಣಿಗಾರನ ಎದೆಗೆ ಒದ್ದ.

"ಕಾಲು ಕಡ್ದವ್ನೆ ಬಡ್ಡೀಮಗ! ಚಿಕ್ಕಪ್ಪನ ಕಾಲು ಕಡ್ದವ್ನೆ!"

"ಅಲ್ಗೆ ಕಡ್ದೆ ಗೌಡ್ರೆ, ಅಲ್ಗೆ..."

"ಕುಡ್ದಿದ್ಯೇನ್ಲಾ? ಕುಡ್ದು ಬಂಡೆಗೆ ಒಡ್ಸ್ದ್ಯಾ?"

ಬಂಡೆ ಎಲ್ಲಿ, ದೋಣಿ ಮುರಿದದ್ದೆಲ್ಲಿ. ಬಂಡೆಗೆ ಬಡಿದದ್ದು ಮುರಿದ ಮೇಲೆ. ಅದನ್ನು ಹೇಳುವವರು ಯಾರೂ ಇರಲಿಲ್ಲ. ನಾಲ್ಕೈದು ಜನ ಸೇರಿದರು. ದಂಡೆಯ ಹೊಳೆಮತ್ತಿ ಮರಕ್ಕೆ ಅವನನ್ನು ದೋಣಿ ಕಟ್ಟುವ ಹಗ್ಗದಿಂದಲೇ ಕಟ್ಟಿದರು. ಮಗ ದಂಡೆಯಲ್ಲಿದ್ದ ಇನ್ನೊಂದು ಹುಟ್ಟು ಎತ್ತಿಕೊಂಡು ಅದರ ಅಗಲದ ಕಡೆಯಿಂದ ಮುಖಕ್ಕೆ ಬೀಸಿದ. ದವಡೆ ಒಂದು ಪಕ್ಕಕ್ಕೆ ಸರಿದದ್ದನ್ನು ನಾನು ನೋಡಿದೆ. ಎರಡನೆಯ ಏಟಿಗೆ ಬಾಯಿಂದ ರಕ್ತದ ಜೊತೆ ಹಲ್ಲುಗಳು ಬಿದ್ದವು. ಯಾರೋ ಹಾಡಿಗೆ ಬೆಂಕಿ ಹಚ್ಚುವ ಮಾತಾಡಿದರು. ದೊಡ್ಡಗೌಡರು ಸುಮ್ಮನೆ ನಿಂತಿದ್ದರು.

ಆಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ನಾಚಿಕೆಗೇಡಿನದು. ಕಂಬದ ಬುಡದ ಪಕ್ಕೆಮರ ಹೋಗಿದೆ ಎಂದು ಆ ಸದ್ದು ಕೇಳಿದಾಗಲೇ ನನಗೆ ಗೊತ್ತಾಗಿತ್ತು. ಅದು ಕೊಂಡಾಗಲೇ ಕೊಳೆತಿತ್ತೋ, ಆಮೇಲೆ ಏನಾದರೂ ಆಯಿತೋ ಎಂದು ಅಲ್ಲಿಯೇ, ಒಬ್ಬನ ದವಡೆ ಮುರಿಯುತ್ತಿರುವಾಗ, ಲೆಕ್ಕ ಹಾಕುತ್ತಿದ್ದೆ. ಆಧಾರ ಸಾಲದು, ಗೊತ್ತಿಲ್ಲದ್ದನ್ನು ಹೇಳಬಾರದು ಅನಿಸುತ್ತಿತ್ತು. ಮೂರನೆಯ ಏಟಿಗೆ ಮಗ ಹುಟ್ಟನ್ನು ಮಗ್ಗುಲು ತಿರುಗಿಸಿ, ಚೂಪು ಅಂಚು ಮುಂದೆ ಮಾಡಿ ಎತ್ತಿದ. ಆ ಏಟು ಬಿದ್ದಿದ್ದರೆ ಬುರುಡೆ ಒಡೆಯುತ್ತಿತ್ತು.

ನಾನು ನುಗ್ಗಿ ಹುಟ್ಟಿಗೆ ಜೋತುಬಿದ್ದೆ.

"ತಪ್ಪು ನನ್ನದು" ಎಂದೆ. "ಕಂಬದ ಬುಡದ ಹಲಗೆ ಎತ್ತಿ ನೋಡಬೇಕಿತ್ತು. ನಾನು ಎತ್ತಲಿಲ್ಲ. ನೋಡದೆ ಸರಿ ಅಂತ ಬರೆದೆ. ಕೊಳೆತ ದೋಣಿ ಕೊಡಿಸಿದ್ದು ನಾನು."

"ಏನಂದೆ?"

"ನಾನು ನೋಡಲಿಲ್ಲ. ಇವನದೇನೂ ತಪ್ಪಿಲ್ಲ."

ಜೀವನದಲ್ಲಿ ಅಷ್ಟು ಖಚಿತವಾಗಿ ನಾನು ಬೇರೇನನ್ನೂ ಹೇಳಿದ್ದಿಲ್ಲ. ಹೇಳುತ್ತಿದ್ದಾಗ ಅದು ನಿಜವೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ನಿಜವೆಂದು ಅನಿಸತೊಡಗಿತ್ತು. ಎತ್ತದ ಹಲಗೆ ಕಣ್ಣಿಗೆ ಕಟ್ಟಿತು, ಅದರ ಮೇಲೆ ನನ್ನ ಚಪ್ಪಲಿ ಸಮೇತ.

ಮೊದಲ ಏಟು ಕಿವಿಯ ಮೇಲೆ ಬಿತ್ತು. ಎಡಗಿವಿ ಅವತ್ತಿನಿಂದ ಸರಿಯಾಗಿ ಕೇಳುವುದಿಲ್ಲ. ನೆಲಕ್ಕೆ ಬಿದ್ದ ಮೇಲೆ ಒದೆಗಳು ಬಂದವು. ಪಕ್ಕೆಗೆ, ಹೊಟ್ಟೆಗೆ, ಕೈಬೆರಳುಗಳ ಮೇಲೆ. ನನ್ನ ಮೈಯನ್ನೇ ಯಾರೋ ಗೇಣಿಗೊಂದರಂತೆ ಪರೀಕ್ಷಿಸುತ್ತಿದ್ದಾರೆ ಅನ್ನಿಸಿತು. ಕೊನೆಗೆ ದೊಡ್ಡಗೌಡರ ದನಿ ಕೇಳಿತು.

"ಬುಡ್ರೋ, ಸಾಕು. ಸರ್ಕಾರದೋನು. ಸತ್ರೆ ಪೊಲೀಸ್ನೋರು ಬತ್ತಾರೆ."

ಮರಕ್ಕೆ ಕಟ್ಟಿದ್ದವನು ಸತ್ತರೆ ಪೊಲೀಸರು ಬರುತ್ತಾರೆಂದು ಅವರಿಗೆ ಅನ್ನಿಸಿರಲಿಲ್ಲ. ಆದರೂ ಅವನ ಹಗ್ಗವನ್ನೂ ಬಿಚ್ಚಿದರು. ಹಾಡಿಯ ಹೆಂಗಸರು ಬಂದು ಅವನನ್ನು ಎತ್ತಿಕೊಂಡು ಹೋದರು. ಹೋಗುವಾಗ ಅವನು ನನ್ನ ಕಡೆ ನೋಡಿದ. ಏನೋ ಹೇಳಲು ಬಾಯಿ ತೆರೆಯಲು ಹೋದ. ದವಡೆ ಆಡಲಿಲ್ಲ.

ಚಿಕ್ಕಗೌಡನ ಕಾಲನ್ನು ಕಲ್ಲಿಕೋಟೆಯ ಆಸ್ಪತ್ರೆಯಲ್ಲಿ ಮೊಣಕಾಲಿನಿಂದ ತೆಗೆದರು. ಕಚೇರಿ ನನ್ನ ಹೇಳಿಕೆ ಬರೆಸಿಕೊಂಡು ತಾತ್ಕಾಲಿಕ ಹುದ್ದೆಯನ್ನು ಮುಗಿಸಿತು. ನಾನು ಪುಲ್ಪಳ್ಳಿಯಲ್ಲಿ ಒಂದು ಟ್ಯುಟೋರಿಯಲ್ಲಿನಲ್ಲಿ ಪಾಠ ಹೇಳತೊಡಗಿದೆ. ದೋಣಿಗಾರ ಹೊಳೆಯಾಚೆ ನೆಂಟರ ಹಾಡಿಗೆ ಹೊರಟುಹೋದನೆಂದು ತಿಳಿಯಿತು. ಆಚೀಚೆ ದಾಟಲು ಜನ ಬಿದಿರಿನ ತೆಪ್ಪ ಕಟ್ಟಿಕೊಂಡರು. ಒಮ್ಮೆ ತೆಪ್ಪ ಬಿಚ್ಚಿಹೋಗಿ ಎಮ್ಮೆಯೊಂದು ಕೊಚ್ಚಿಹೋಯಿತು. ಆಗ ದೊಡ್ಡಗೌಡರು ಬಂಡೆಸಾಲಿಗೆ ಸಿಕ್ಕಿ ಉಳಿದಿದ್ದ ದೋಣಿಯನ್ನು ರಿಪೇರಿ ಮಾಡಿಸಲು ನಿರ್ಧರಿಸಿ ನನಗೆ ಹೇಳಿಕಳಿಸಿದರು.

"ತಪ್ಪು ಒಪ್ಕಂಡಿದ್ದೀರಿ. ಬಂದು ನಿಂತು ಸರಿ ಮಾಡ್ಸಿ."

ಭಾನುವಾರಗಳಂದು ಹೋಗುತ್ತಿದ್ದೆ. ಕಡಲತೀರದಿಂದ ಬಂದ ಮುದಿ ಬಡಗಿಯೊಬ್ಬ ಕಂಬದ ಬುಡದ ಎರಡು ಪಕ್ಕೆಮರ, ಮೂರು ಹಲಗೆ ಹೊಸದಾಗಿ ಹಾಕಿದ. ಮುರಿದ ಪಕ್ಕೆಮರ ನೋಡಲು ಸಿಗುತ್ತದೇನೋ ಎಂದು ನಾನು ಕಾದಿದ್ದೆ. ಹೊಳೆ ಅದನ್ನು ಒಯ್ದಿತ್ತು. ಆದರೆ ಊರವರು ದೋಣಿಯನ್ನು ಬೇಸಿಗೆಯಲ್ಲಿ ಕಲ್ಲು ತುಂಬಿ ಮುಳುಗಿಸಿದ್ದರೆಂದು ಕೇಳಿದಾಗ ಬಡಗಿ ಉಳಿ ಕೆಳಗಿಟ್ಟ. ಕೊರೆದ ದೋಣಿಗೆ ಪಕ್ಕೆಮರವೇ ಇಲ್ಲ, ಇಡೀ ಮೈ ಒಂದೇ ಮರ, ಕಲ್ಲು ಏನೂ ಮಾಡದು. ಹಲಗೆ ಜೋಡಿಸಿದ ದೋಣಿಯಲ್ಲಿ ಹೊರಗಿನ ಹಲಗೆಗಳು ಉಬ್ಬಿ ಒಂದನ್ನೊಂದು ತಳ್ಳುತ್ತವೆ, ಒಳಗಿನಿಂದ ಕಲ್ಲು ಒತ್ತುತ್ತದೆ. ನಡುವೆ ಸಿಕ್ಕಿದ ಪಕ್ಕೆಮರ ಗಟ್ಟಿಯಾಗಿದ್ದರೂ ಬಿರುಕು ಬಿಡುತ್ತದೆ ಎಂದ. "ಕೊಳೆತಿದ್ದರೆ?" ಎಂದು ಕೇಳಿದೆ. "ಕೊಳೆತಿದ್ದರೆ ಬೇಗ ಬಿಡುತ್ತದೆ" ಎಂದು ಕೆಲಸಕ್ಕೆ ತಿರುಗಿದ.

ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಕಲ್ಲು ತುಂಬಿಸಿದ್ದು ಯಾರು ಎಂಬುದು ಊರಿಗೆಲ್ಲ ಗೊತ್ತಿತ್ತು. ಚಳಿಗಾಲದ ಹೊತ್ತಿಗೆ ದೋಣಿಗಾರ ಹಾಡಿಗೆ ಮರಳಿದ್ದ. ಹೊಳೆ ಓದಬಲ್ಲವರು ಬೇರೆ ಯಾರೂ ಇಲ್ಲದ ಕಾರಣ ದೊಡ್ಡಗೌಡರೇ ಕರೆಸಿಕೊಂಡಿದ್ದರು. ದವಡೆ ಸೊಟ್ಟಗೆ ಕೂಡಿಕೊಂಡಿತ್ತು. ಮಾತು ಬಾಯಿಯ ಒಂದು ಮೂಲೆಯಿಂದ ಬರುತ್ತಿತ್ತು. ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಬೇಸಿಗೆ ಬಂತು. ರಿಪೇರಿಯಾದ ದೋಣಿಯನ್ನು ಮಡುವಿನಲ್ಲಿ ಮುಳುಗಿಸುವ ದಿನ ಊರಿನ ಇಪ್ಪತ್ತು ಜನ ದಂಡೆಯಲ್ಲಿ ಸಾಲಾಗಿ ನಿಂತು ಕಲ್ಲುಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ದೋಣಿಗಾರ ದೋಣಿಯೊಳಗೆ ನಿಂತಿದ್ದ. ಊರುಗೋಲಿನ ಮೇಲೆ ಭಾರ ಹಾಕಿ ಚಿಕ್ಕಗೌಡ ಮರದ ನೆರಳಲ್ಲಿ ನಿಂತು ನೋಡುತ್ತಿದ್ದ. ಹತ್ತು, ಹನ್ನೆರಡು ಕಲ್ಲುಗಳು ಒಳಗೆ ಹೋದವು. ಬಾಯಿಬಿಟ್ಟರೆ ದೋಣಿಗಾರನನ್ನು ಮತ್ತೆ ಆ ಮರಕ್ಕೆ ಕಟ್ಟುತ್ತಾರೆ. ಸುಮ್ಮನಿದ್ದರೆ ಬರುವ ಮಳೆಗಾಲದಲ್ಲಿ ಮತ್ತೆ ಏಳೆಂಟು ಜನ ಹೊಳೆಯ ನಡುವೆ. ಇನ್ನೊಂದು ಕಲ್ಲು ಹೋಯಿತು.

"ಕಲ್ಲು ಬೇಡ" ಎಂದೆ.

"ಯಾಕೆ?" ಎಂದರು ದೊಡ್ಡಗೌಡರು.

ಯಾವ ಉತ್ತರ ಹೇಳಿದರೂ ಅದು ದೋಣಿಗಾರನ ಹತ್ತಿರ ಹೋಗಿ ನಿಲ್ಲುತ್ತಿತ್ತು.

"ಹೋದ್ ಸಲ ಹಾಕಿದ್ವಲ್ಲ? ಆಗ ಬ್ಯಾಡ ಅನ್ನಾಕೆ ಏನಾಗಿತ್ತು?"

"ಓದ್ ಸಲ ಕಲ್ಲಿಂದ್ಲೇ ಮುರೀತು ಗೌಡ್ರೆ." ಮಾತು ದೋಣಿಯೊಳಗಿನಿಂದ ಬಂತು. ಸೊಟ್ಟ ಬಾಯಿಂದ ಬಂದರೂ ಎಲ್ಲರಿಗೂ ಕೇಳಿತು. "ಬಡಗಿ ಹೇಳ್ದ, ನಂಗೂ ಹೇಳ್ದ. ಎದ್ರಿ ಬಾಯಿ ಬುಡ್ನಿಲ್ಲ. ಕಲ್ಲು ಹಾಕ್ಸಿದ್ದು ನಾನು. ಸಾರು ಅಲ್ಗೆ ಎತ್ತಿದ್ರು. ನಾನಿದ್ದೆ. ಕೈ ಹಾಕಿ ನೋಡುದ್ರು, ಮರ ಚಂದಾಗಿತ್ತು. ಕೈಗೆ ಸಿಬರು ಓಗಿ ಇಂಗ್ಲೀಸಲ್ಲಿ ಬಯ್ದ್ರು."

ಸಾಲು ನಿಂತುಹೋಯಿತು. ಸಿಬಿರು ಹೋದದ್ದು ನನಗೆ ನೆನಪಿಲ್ಲ. ಬಯ್ದದ್ದೂ ನೆನಪಿಲ್ಲ. ದೊಡ್ಡಗೌಡರ ಮಗ ಕೈಯಲ್ಲಿದ್ದ ಕಲ್ಲನ್ನು ಎದೆಯ ಮಟ್ಟಕ್ಕೆ ಏರಿಸಿ ನೀರಿಗೆ ಇಳಿಯತೊಡಗಿದ. ದೋಣಿಗಾರ ಓಡಲಿಲ್ಲ. ಕೈಗಳನ್ನು ಕೆಳಗೆ ಬಿಟ್ಟು ನಿಂತಿದ್ದ.

"ನಿಲ್ಲಾ." ಚಿಕ್ಕಗೌಡ ಊರುಗೋಲು ಊರುತ್ತ ದಂಡೆಯ ಅಂಚಿಗೆ ಬಂದ. ಎಲ್ಲರೂ ದಾರಿ ಬಿಟ್ಟರು. ಅವನು ದೋಣಿಗಾರನನ್ನು ನೋಡಿದ. ಕಾಲು ಕಡಿದವನೂ, ತಲೆಗೂದಲು ಹಿಡಿದು ದಡಕ್ಕೆ ತಂದವನೂ ಅವನೇ. ಆಮೇಲೆ ನನ್ನ ಕಡೆ ತಿರುಗಿದ.

"ಅಲ್ಗೆ ಎತ್ತಿದ್ದೋ, ಇಲ್ವೋ?"

"ಗೊತ್ತಿಲ್ಲ."

"ಅವತ್ತು ಇಲ್ಲ ಅಂದೆ?"

"ಅವತ್ತೂ ಗೊತ್ತಿರಲಿಲ್ಲ."

"ಥೂ, ನಿನ್ನ ಓದ್ಗೆ ಬೆಂಕಿ ಆಕ. ಒದೆ ತಿಂದಿದ್ದು ಯಾಕ್ಲಾ ಮತ್ತೆ?" ಯಾರೋ ಒಬ್ಬರು ಕಿಸಕ್ಕನೆ ನಕ್ಕು ಸುಮ್ಮನಾದರು. ಚಿಕ್ಕಗೌಡ ಅಣ್ಣನ ಮಗನ ಕಡೆ ತಿರುಗಿದ. "ಕಲ್ಲು ಬಿಸಾಕು."

"ಚಿಕ್ಕಪ್ಪಾ, ಇವ್ನೇ ಒಪ್ಕತಾವ್ನೆ..."

"ಕಾಲು ನಂದು." ಊರುಗೋಲಿನ ತುದಿಯಿಂದ ಅವನ ಮುಂಗೈಗೆ ಬಲವಾಗಿ ತಿವಿದ. "ಬಿಸಾಕ್ಲಾ ಅಂದೆ!"

ಕಲ್ಲು ನೀರಿಗೆ ಬಿತ್ತು. ಎಲ್ಲರ ಮೇಲೂ ಕೆಸರು ಸಿಡಿಯಿತು.

ದೊಡ್ಡಗೌಡರು ಮೇಲಕ್ಕೆ ಹೋದರು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ದಂಡೆ ಹತ್ತಿದರು. ದೋಣಿಗೆ ಇನ್ನು ಮೇಲೆ ನೆರಳು ಕಟ್ಟಿ ದಿನಾ ನೀರು ಹೊಯ್ಯಬೇಕು, ಅದು ನಾಳೆಯ ಮಾತು. ಒಳಗೆ ಹೋದ ಕಲ್ಲುಗಳನ್ನು ಅವತ್ತೇ ತೆಗೆಯಬೇಕಿತ್ತು. ನಾನು ದೋಣಿಯೊಳಗೆ ಇಳಿದೆ. ಅವನು ಎತ್ತಿ ಕೊಡುತ್ತಿದ್ದ, ನಾನು ಆಚೆಗೆ ಹಾಕುತ್ತಿದ್ದೆ. ಕೊನೆಯ ಕಲ್ಲು ಹೋದ ಮೇಲೆ ಅವನು ಹೊಸ ಕಾಲುಹಲಗೆಯ ಅಂಚಿಗೆ ಮಚ್ಚಿನ ತುದಿ ಸಿಕ್ಕಿಸಿ ಮೇಲಕ್ಕೆತ್ತಿದ. ಕೆಳಗೆ ಕೈ ಹಾಕಿ ಪಕ್ಕೆಮರವನ್ನು ಉದ್ದಕ್ಕೂ ಸವರಿ ನೋಡಿದ. ಆಮೇಲೆ ನನ್ನ ಮಣಿಕಟ್ಟು ಹಿಡಿದು, ನನ್ನ ಕೈಯನ್ನೂ ಅಲ್ಲಿಗೆ ಒತ್ತಿದ. ಮರ ತಣ್ಣಗೆ, ಗಟ್ಟಿಯಾಗಿತ್ತು.

"ಈ ಕಿತನಾದ್ರೂ ನೆಪ್ಪಿಟ್ಕಳಿ ಸಾರೇ" ಎಂದ.